ಪಾರ್ವತಿನಗರದ ಕಪ್ತಾನರು

ನಮ್ಮ ಸೋದರಮಾವ ಇಂದಿಗೂ ಸಮುದ್ರ ನೋಡಿದವರಲ್ಲ. ಆದರೆ ಅರಬ್ಬಿ ಸಮುದ್ರದಲ್ಲಿ ಯಾವ ಬಂಡೆ ಎಷ್ಟು ಆಳದಲ್ಲಿದೆ ಎಂದು ಕೇಳಿ, ಥಟ್ಟನೆ ಹೇಳುತ್ತಾರೆ! ಹಾಯಿದೋಣಿಯವರಿಗೆ ದಾರಿ ತೋರಿಸುವ ಸಾಫ್ಟ್‌ವೇರು ಅವರ ಲ್ಯಾಪ್‌ಟಾಪಿನಲ್ಲಿದೆ. ಕಡಲಿನ ನಕಾಶೆ, ಗಾಳಿಯ ಬಾಣ, ಜಿಪಿಎಸ್ಸು ಎಲ್ಲ ಇವೆ. ಇಲ್ಲದಿರುವುದು ದೋಣಿಯೊಂದೇ. ಪಾರ್ವತಿನಗರದ ಮನೆಯಲ್ಲಿ ತೆರೆದರೆ ಸಾಕು, "ದೋಣಿ ನೆಲ ಹತ್ತಿದೆ" ಎಂದು ಅದು ಚೀರಿಕೊಳ್ಳುತ್ತದೆ. ಪಾಪ, ಸುಳ್ಳೇನು ಹೇಳಿತು? ಅತ್ತೆ ಹೋದ ಮೇಲಂತೂ ಆ ಮನೆಯಲ್ಲಿ ಮಾವನ ಜೊತೆ ಮಾತಾಡುವುದು ಅದೊಂದೇ.

ಅತ್ತೆ ಇದ್ದಾಗೊಮ್ಮೆ ಕುರುಗೋಡಿನ ಮದುವೆಗೆ ಹೊರಟಿದ್ದೆವು. ಕಾರು ಮಾವನ ಕೈಯಲ್ಲಿ, ಲ್ಯಾಪ್‌ಟಾಪು ನನ್ನ ತೊಡೆಯ ಮೇಲೆ. ಕಡಲಿನಲ್ಲಿ ರಸ್ತೆ ಎಲ್ಲಿಂದ ಬರಬೇಕು? ಸಾಫ್ಟ್‌ವೇರು ನೆಟ್ಟಗೊಂದು ಗೆರೆ ಎಳೆಯಿತು. ಮಾವ ಅದನ್ನೇ ನಂಬಿದರು! ಕೊಳಗಲ್ಲು ದಾಟಿದ್ದೇ ತಡ, ಕಾರು ಮೆಣಸಿನಕಾಯಿ ಹೊಲದಲ್ಲಿ ಹೂತುಕೊಂಡಿತು.

"ಯಾಕ್ರೀ ಕಪ್ತಾನ್ರ, ಹಡಗು ನಿಂತೈತಲ್ಲ?" ಹಿಂದಿನ ಸೀಟಿನಿಂದ ಅತ್ತೆ ಕೇಳಿದರು.

"ಸುಮ್ನಿರು. ಗಾಳಿ ಬದಲಾಗೈತಿ!"

ನಾವು ಮುಟ್ಟುವ ಹೊತ್ತಿಗೆ ಬೀಗರು ಕೊನೆಯ ಪಂಕ್ತಿಯ ಎಲೆ ಎತ್ತುತ್ತಿದ್ದರು.

ಈಗ ಯಾರಾದರೂ ಮನೆಗೆ ಬಂದರೆ ಮಾವ ಎರಡು ತಾಸು ಕೂರಿಸಿ ಉಬ್ಬರವಿಳಿತ ವಿವರಿಸುತ್ತಾರೆ. ಹಾಗಾಗಿ ಯಾರೂ ಬರುವುದಿಲ್ಲ. ನಾನೂ ತಪ್ಪಿಸಿಕೊಂಡವನೇ, ಮುಚ್ಚುಮರೆ ಯಾಕೆ? ಹೋದ ವಾರ ಅವರೇ ಫೋನ್ ಮಾಡಿದರು.

"ಲೇ ಅಳಿಯಾ, ಲ್ಯಾಪ್‌ಟಾಪು ಸಾಯಾಕ ಹತ್ತೈತಿ. ಹೊಸಾದಕ್ಕ ನಕಾಶಿ ಎಲ್ಲಾ ಹಾಕಿಕೊಡು. ಒಂದು ಗುರುತೂ ಹೋಗಬಾರದು ನೋಡು."

ಆ ಕೊನೆಯ ಮಾತನ್ನು ಮೂರು ಸಲ ಹೇಳಿದರು. ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಹೊಸದೊಂದು ಕೊಂಡು ಅವರ ಮನೆಗೆ ಓಡಿದೆ. ಎಲ್ಲ ಸಾಗಿಸಿ ತೆರೆದರೆ, ಸಿರುಗುಪ್ಪದ ಬಳಿ ತುಂಗಭದ್ರೆಯ ನಡುವೆ ಕೆಂಪು ಗುರುತೊಂದು ಮಿನುಗುತ್ತಿತ್ತು. ದೋಣಿಯಿಂದ ಯಾರಾದರೂ ನೀರಿಗೆ ಬಿದ್ದರೆ ತಕ್ಷಣ ಒತ್ತುವ ಬಟನ್ನಿನ ಗುರುತು ಅದು. ಒತ್ತಿದ ಮೇಲೆ ಆ ಜಾಗಕ್ಕೆ ಮರಳುವ ದಿಕ್ಕು, ದೂರ ತೋರಿಸುತ್ತಲೇ ಇರುತ್ತದೆ.

"ಇಲ್ಲಿ ಯಾರು ಬಿದ್ದಾರ್ರೀ ಮಾವಾ?"

"ಯಾರೂ ಬಿದ್ದಿಲ್ಲ. ನಾನೂ ನಿಮ್ಮತ್ತೀನೂ ಹರಿಗೋಲಿನಾಗ ಹೋಗಿದ್ವಿ. ಆಕಿ ನೀರು ಮುಟ್ಟಾಕ ಬಾಗಿದ್ಲು. ಲ್ಯಾಪ್‌ಟಾಪು ತೊಡಿ ಮ್ಯಾಲs ಇತ್ತು, ನಾ ಅಂಜಿ ಒತ್ತಿಬಿಟ್ನಿ. ಎಷ್ಟು ನಕ್ಲು ಅಂತೀ! ನಾ ಇಲ್ಲೇ ಅದೀನಲ್ರೀ ಅಂದ್ಲು."

ಅಷ್ಟರಲ್ಲಿ ಪರದೆಯ ಮೇಲೆ ಪ್ರಶ್ನೆ ಮೂಡಿತು: ಬಿದ್ದವರು ಸಿಕ್ಕರೇ? ಗುರುತು ಅಳಿಸಲೇ?

"ತೆಗೆದಾಗೊಮ್ಮೆ ಕೇಳ್ತೈತಿ ಲೇ," ಎಂದರು ಮಾವ, ಕನ್ನಡಕ ತೆಗೆಯುತ್ತ. "ದಿನಾ ನಾನs ಒತ್ತತೀನಿ. ಇವತ್ತೊಂದಿನ ನೀ ಒತ್ತು."

ಮಾವನ ಪಕ್ಕ ಕೂತು, "ಇಲ್ಲ" ಒತ್ತಿದೆ.