ಬಾಲ್ಕನಿಯ ಕಾಫಿ ಗಿಡ, ಕೆಳಗಿನ ಮನೆಯ ತುಳಸಿ

ಪ್ರೀತಿ ಇದ್ದಲ್ಲಿ ಕೈ ಸ್ವಲ್ಪ ಬಿಗಿ ಹಿಡಿಯಬೇಕು ಎನ್ನುವುದು ನನಗೆ ಅರವತ್ತು ದಾಟುವ ತನಕ ಹೊಳೆದಿರಲಿಲ್ಲ. ಉಡುಪಿ ಕಡೆಯವನು ನಾನು. ಎಲೆಯಲ್ಲಿ ಜಾಗ ಕಂಡರೆ ಬಡಿಸಿಬಿಡುವ ವಂಶ. ಅದರ ಮೇಲೆ, ಮುಂಬೈ ಚೆಂಬೂರಿನ ಗೊಬ್ಬರದ ಗೋದಾಮಿನಲ್ಲಿ ಯೂರಿಯಾ ಮೂಟೆಗಳ ನಡುವೆ ಕೂದಲು ಬೆಳ್ಳಗೆ ಮಾಡಿಕೊಂಡವನು. ನಿವೃತ್ತನಾದ ಮೇಲೆ ಬಾಲ್ಕನಿಯ ಕುಂಡದಲ್ಲಿದ್ದ ಒಂದೇ ಒಂದು ಕಾಫಿ ಗಿಡ ನನ್ನ ಕೈಗೆ ಸಿಕ್ಕಿತು ಎಂದರೆ ಅದರ ಪಾಡು ನೀವೇ ಊಹಿಸಿ.

ಗಿಡ ನನ್ನ ಹೆಂಡತಿ ಸುಮಿತ್ರೆಯದು. ಅವಳ ಅಪ್ಪ ಸಕಲೇಶಪುರದ ಕಡೆ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅವರು ತೀರಿಕೊಂಡ ವರ್ಷ ಅಲ್ಲಿಂದ ಮಡಿಲಲ್ಲಿಟ್ಟುಕೊಂಡು ತಂದ ಸಸಿ ಇದು. ಕಾಫಿ ಅರಳಿದ ಬೆಳಿಗ್ಗೆ ಆಳುಗಳ ಲೈನ್ ಮನೆಗಳ ತನಕ ಹಬ್ಬುತ್ತಿದ್ದ ಪರಿಮಳ, ಬೆಳ್ಳಗಿನ ಸಾಲುಗಳ ನಡುವೆ ಅಪ್ಪನ ಹಿಂದೆ ಓಡಿದ್ದು, ಎಲ್ಲವನ್ನೂ ಅವಳು ಎಷ್ಟು ಸಲ ಹೇಳಿದ್ದಾಳೆಂದರೆ, ನೋಡದ ಆ ತೋಟ ನನಗೂ ನೆನಪಾಗುತ್ತದೆ. ರಿಫೈನರಿಯ ಗಾಳಿ ಬೀಸುವ ಈ ಬಾಲ್ಕನಿಯಲ್ಲಿ ಒಂದು ಸಲವಾದರೂ ಆ ಪರಿಮಳ ಬರಬೇಕು ಎಂಬುದು ಅವಳ ಆಸೆ. ಅದನ್ನು ಈಡೇರಿಸುವ ಹಟಕ್ಕೆ ಬಿದ್ದು ನಾನು ಪ್ರತಿ ಭಾನುವಾರ ಯೂರಿಯಾ ಹಾಕಿ ಬಕೆಟ್‌ಗಟ್ಟಲೆ ನೀರು ಸುರಿದೆ. ಗಿಡದಲ್ಲಿ ಎಲೆಯೋ ಎಲೆ. ಹೂ ಮಾತ್ರ ಇಲ್ಲ.

ಒಂದು ದಿನ ಕೆಳಗಿನ ಮನೆಯ ಜೋಶಿ ಕಾಕೂ ಡಬ್ಬಿಯಲ್ಲಿ ಶಿರಾ ಹಿಡಿದುಕೊಂಡು ಬಂದರು. "ಭಾವೂಜಿ, ಊಪರ್ ಸೆ ಕ್ಯಾ ಡಾಲ್ತೆ ಹೋ?" ಎಂದು, ಮೇಲಿಂದ ಅದೇನು ಹಾಕುತ್ತೀರಿ ಅಂತ ನಗುತ್ತಾ ಕೇಳಿದರು. ನಮ್ಮ ಬಾಲ್ಕನಿಯ ಗೊಬ್ಬರದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಅವರ ತುಳಸಿ ಸೊಂಪಾಗಿ ಬೆಳೆದು ಕಿಟಕಿ ದಾಟಿತ್ತಂತೆ. ಕಾಕೂ ಹೋದ ಮೇಲೆ ಸುಮಿತ್ರೆ ನನ್ನತ್ತ ತಿರುಗಿದಳು.

"ರೀ, ನೀವು ಹಾಕಿದ್ದು ಅರ್ಧ ಗಾಳಿಗೆ, ಅರ್ಧ ಕಾಕೂ ಮನೆಗೆ. ನಮ್ಮಪ್ಪ ಮಳೆ ಬಿದ್ದು ಮಣ್ಣು ಹದವಾದ ಮೇಲೆ, ಬುಡ ಬಿಟ್ಟು ಸುತ್ತಲೂ ತರಗೆಲೆ ಸರಿಸಿ, ಚೂರೇ ಚೂರು ಹಾಕಿಸಿ ಮತ್ತೆ ಎಲೆ ಮುಚ್ಚಿಸೋರು. ಆಮೇಲೆ ತಿಂಗಳುಗಟ್ಟಲೆ ಅದರ ತಂಟೆಗೆ ಹೋಗ್ತಿರಲಿಲ್ಲ."

"ನಾನು ಎಷ್ಟು ಮೂಟೆ ನೋಡಿದವನು ಮಾರಾಯ್ತಿ," ಎಂದೆ.

"ಮೂಟೆ ನೋಡಿದೀರಿ. ಗಿಡ ನೋಡಿಲ್ಲ."

ಯೂರಿಯಾ ಡಬ್ಬ ಅಟ್ಟಕ್ಕೇರಿತು. ಚಳಿಗಾಲವಿಡೀ ನನಗೆ ಬಾಲ್ಕನಿ ನಿಷಿದ್ಧ. ನೀರನ್ನೂ ಕಡಿಮೆ ಮಾಡಿ ಗಿಡವನ್ನು ಬಾಡುವಷ್ಟು ಒಣಗಿಸಿದಳು. ಮಾರ್ಚಿನಲ್ಲಿ ಒಂದು ಸಂಜೆ ಸ್ನಾನದ ಮಗ್ಗಿನಿಂದ ಗಿಡದ ತಲೆಯ ಮೇಲೆ ನೀರು ಹೊಯ್ದು, "ತೋಟದಲ್ಲಿ ಬೇಸಿಗೆ ಮಳೆ ಬಿದ್ದರೇ ಕಾಫಿ ಅರಳೋದು. ಇದೇ ನಮ್ಮ ಹೂಮಳೆ," ಎಂದಳು. ವಾರ ಕಳೆದು ಒಂದು ಬೆಳಿಗ್ಗೆ ಎದ್ದು ನೋಡಿದರೆ ಒಂದು ಕೊಂಬೆ ಪೂರ್ತಿ ಬೆಳ್ಳಗಾಗಿತ್ತು. ಸುಮಿತ್ರೆ ಅದಕ್ಕೆ ಮುಖವಿಟ್ಟು ಬಹಳ ಹೊತ್ತು ನಿಂತಳು. "ಅಪ್ಪ ಬಂದ ಹಾಗಾಯ್ತು ರೀ," ಎಂದಳು.

ಇಡೀ ಜನ್ಮ ಗೊಬ್ಬರದಲ್ಲೇ ಕಳೆದ ನಾನು ಕೊನೆಗೂ ಹೂ ಅರಳಿಸಿದ್ದು, ಗೊಬ್ಬರ ಹಾಕದೆ ಸುಮ್ಮನೆ ಕೂತು. ಜೋಶಿ ಕಾಕೂ ಮಾತ್ರ ಈಗ ಲಿಫ್ಟ್‌ನಲ್ಲಿ ಮುಖ ಗಂಟಿಕ್ಕುತ್ತಾರೆ. ಅವರ ತುಳಸಿ ಸೊರಗಿದೆಯಂತೆ. ಪಾಪ ಅನಿಸಿ ನನ್ನ ಕೈ ಮತ್ತೆ ತುರಿಸುತ್ತಿದೆ. ಆದರೆ ಅಟ್ಟ ಎತ್ತರದಲ್ಲಿದೆ, ಸುಮಿತ್ರೆ ಸ್ಟೂಲನ್ನೂ ಬಚ್ಚಿಟ್ಟಿದ್ದಾಳೆ.