ಗೊಂಬೆಗಳ ಕಾಡಿನಲ್ಲಿ ನಾತದ ಹುಳ

ಏನೇನು ತಪ್ಪಾಗಬಹುದು ಎಂದು ಮೊದಲೇ ಊಹಿಸಿ ಹೇಳುವುದು ನನ್ನ ಉದ್ಯೋಗ. ನಾರ್ತ್ ಸಿಡ್ನಿಯ ಒಂದು ಕಚೇರಿಯಲ್ಲಿ ಅದಕ್ಕೆಂದೇ ನನಗೆ ಸಂಬಳ ಕೊಡುತ್ತಾರೆ. ಆದ್ದರಿಂದ ಸಿಡ್ನಿಯ ಗಿರಾವೀನ್ ಬಡಾವಣೆಯ ನಮ್ಮ ಮನೆಯಲ್ಲಿ ಮೊದಲ ಸಲ ದಸರಾ ಗೊಂಬೆ ಕೂರಿಸಲು ಹೊರಟಾಗ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ.

ಗೊಂಬೆಗಳು ನನ್ನವಲ್ಲ, ವಿಮಲಾ ಆಂಟಿಯವು. ಮೈಸೂರಿನವರಾದ ಆಂಟಿ ಇಲ್ಲೇ ದಿ ಪಾಂಡ್ಸ್ ಬಡಾವಣೆಯಲ್ಲಿದ್ದಷ್ಟು ಕಾಲ ಪ್ರತಿ ವರ್ಷ ಕೂರಿಸುತ್ತಿದ್ದರು. ನಾನು ಹೆಚ್ಚು ಜನರೊಂದಿಗೆ ಬೆರೆಯುವವಳಲ್ಲ. ಆದರೆ ಅವರ ಮನೆಯ ಒಂದು ಮೂಲೆಯಲ್ಲಿ ಕೂತು ಆ ಗೊಂಬೆಗಳನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತಿದ್ದೆ. ಅದನ್ನು ಅವರು ಗಮನಿಸಿದ್ದರೆಂದು ಕಾಣುತ್ತದೆ. ಮೆಲ್ಬರ್ನ್‌ನಲ್ಲಿರುವ ಮಗಳು ಸಂಧ್ಯಾಳ ಮನೆಗೆ ಹೋಗಿ ನೆಲೆಸುವಾಗ ಪೆಟ್ಟಿಗೆಗಳನ್ನು ನನಗೆ ಒಪ್ಪಿಸಿದರು.

"ಈ ವರ್ಷ ನೀನು ಕೂರಿಸು. ನಾನು ಬಂದು ನೋಡ್ತೀನಿ. ಚೆನ್ನಾಗ್ ನೋಡ್ಕೊಂಡಿದ್ರೆ ನಿನ್ನ ಹತ್ರಾನೇ ಇರ್ಲಿ. ಇಲ್ದಿದ್ರೆ ಬೇಜಾರ್ ಮಾಡ್ಕೋಬೇಡಮ್ಮ, ಮೆಲ್ಬರ್ನ್‌ಗೆ ತಗೊಂಡ್ ಹೋಗ್ತೀನಿ. ಪಟ್ಟದ ರಾಣಿ ಉಟ್ಟಿರೋದು ನಮ್ಮಮ್ಮನ ಧಾರೆ ಸೀರೆ ತುಂಡು, ಜೋಪಾನ."

ನನಗೆ ಆ ಗೊಂಬೆಗಳು ಬೇಕಿದ್ದವು. ಎಷ್ಟು ಬೇಕಿದ್ದವೆಂದರೆ, ಯಾರಿಗೂ ಹೇಳಿರಲಿಲ್ಲ.

ನನ್ನ ಗಂಡ ಗಿರೀಶ ಧಾರವಾಡದವನು. ಮೆಟ್ಟಿಲು ಜೋಡಿಸುತ್ತಾ ಅವನು ಗೊಣಗಿದ: "ನಮ್ಮ ಕಡೆ ನಾಕು ಬನ್ನಿ ಎಲಿ ಕೊಟ್ಟು 'ಬಂಗಾರದಾಂಗ ಇರೋಣ' ಅಂದ್ರ ದಸರಾ ಮುಗೀತು. ನಿಮ್ಮ ಕಡೆ ಹಬ್ಬಕ್ಕ ಬಡಿಗ್ಯಾನ ಕೆಲಸ ಬರಬೇಕು ನೋಡು."

ಶುಕ್ರವಾರ ಸಂಜೆ ಎಲ್ಲವೂ ಸಿದ್ಧವಾಯಿತು. ಮೇಲೆ ಪಟ್ಟದ ರಾಜ ರಾಣಿ, ನಡುವೆ ಅಂಗಡಿ ತೆರೆದುಕೊಂಡು ಕೂತ ಶೆಟ್ಟಿ ದಂಪತಿ, ಕೆಳಗೆ ವನವಾಸದಲ್ಲಿ ರಾಮ, ಸೀತೆ, ಲಕ್ಷ್ಮಣ. ಆದರೆ ವನವೇ ಇರಲಿಲ್ಲ. ಪ್ಲಾಸ್ಟಿಕ್ ಎಲೆ ಆಂಟಿಗೆ ಆಗದು. ಬಾಡಿಗೆ ಮನೆಯ ಹಿತ್ತಲಲ್ಲಿ ಹಿಂದೆ ಇದ್ದವರು ನೆಟ್ಟ ಒಂದು ಕಿತ್ತಳೆ ಗಿಡವಿತ್ತು. ಒಳ್ಳೆಯ ದಟ್ಟ ಹಸಿರು. ಕೆಲವು ಕೊಂಬೆ ಕತ್ತರಿಸಿದೆ. ಎಲೆಗಳ ನಡುವೆ ಕಿತ್ತಳೆ ಬಣ್ಣದ ಚಪ್ಪಟೆ ಹುಳಗಳಿದ್ದವು, ನೋಡಲು ಮುದ್ದಾಗಿದ್ದವು. ನಾನು ಅಜಾಗರೂಕಳಲ್ಲ. ಕೊಂಬೆಗಳನ್ನು ಚೆನ್ನಾಗಿ ಒದರಿದೆ. ಬೀಳುವವು ಬಿದ್ದವು. ಬೀಳದವು ಗಟ್ಟಿಯಾಗಿ ಹಿಡಿದುಕೊಂಡಿದ್ದವು ಎಂಬುದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಕಾಫಿ ಹಿಡಿದು ಬಂದು ನೋಡಿದರೆ, ಸೀತೆಯ ಎದುರು ಚಿನ್ನದ ಬಣ್ಣದ್ದೇನೋ ಓಡಾಡುತ್ತಿತ್ತು. ನಾನು ಮಾಯಾಮೃಗವನ್ನು ಇಟ್ಟಿರಲಿಲ್ಲ.

ಹತ್ತಿರ ಹೋಗಿ ನೋಡಿದೆ. ಒಂದಲ್ಲ, ಹಿಂಡು. ಲಕ್ಷ್ಮಣನ ಬಿಲ್ಲಿನ ಮೇಲೊಂದು, ಶೆಟ್ಟಿಯ ತಕ್ಕಡಿಯಲ್ಲಿ ಎರಡು. ಬೆಚ್ಚಗಿನ ಮನೆ ಸಿಕ್ಕಿದ ಸಂತೋಷದಲ್ಲಿ ಉಳಿದವು ಮೆಟ್ಟಿಲೇರುತ್ತಿದ್ದವು. ಟಿಶ್ಯೂ ತೆಗೆದುಕೊಂಡು ಲಕ್ಷ್ಮಣನ ಹುಳವನ್ನು ಮೆತ್ತಗೆ ಹಿಡಿದೆ. ಅದು ಮೆತ್ತಗೆ ಪಿಚಕಾರಿ ಬಿಟ್ಟಿತು.

ಆ ವಾಸನೆಯನ್ನು ನಿಖರವಾಗಿ ಹೇಳಲು ಪ್ರಯತ್ನಿಸುತ್ತೇನೆ. ಕೊತ್ತಂಬರಿ ಕಟ್ಟೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮರೆತು, ಅದು ಕೊಳೆತ ಮೇಲೆ ನೆನಪಾಗಿ, ತಪ್ಪು ಮುಚ್ಚಲು ಅದರ ಮೇಲೆ ಸೀಮೆಎಣ್ಣೆ ಸುರಿದರೆ ಹೇಗಿರಬಹುದೋ ಹಾಗೆ.

"ಏನ್ ಸುಟ್ಟಿ?" ಎಂದು ಗಿರೀಶ ಮಹಡಿಯಿಂದ ಕೇಳಿದ.

"ಏನೂ ಇಲ್ಲ. ಒಂದು ಹುಳ ಅಷ್ಟೆ."

"ಒಂದ್ ಹುಳಕ್ಕ ಇಷ್ಟ್ ನಾತ? ಏನ್ ತಿಂದಿತ್ತದು?"

ನಾನು ವಿದ್ಯಾವಂತೆ. ಫೋನ್ ತೆಗೆದು ಓದಿದೆ. 'ಸ್ಟಿಂಕ್ ಬಗ್‌ಗಳನ್ನು ಹಿಸುಕಬೇಡಿ, ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದುಕೊಳ್ಳಿ' ಎಂದಿತ್ತು. ಅದರ ಮುಂದಿನ ಸಾಲಿನಲ್ಲಿ 'ತೋಟದಲ್ಲಿ ಮಾತ್ರ. ಮನೆಯ ಮಷೀನ್ ಬೇಡ' ಎಂದಿದ್ದುದನ್ನು ಆಮೇಲೆ ಓದಿದೆ.

ವ್ಯಾಕ್ಯೂಮ್ ತಂದು ಚಾಲೂ ಮಾಡಿದೆ. ಹುಳಗಳು ಟಪಟಪನೆ ಒಳಗೆ ಹೋದವು. ಅವು ಒಳಗೆ ಬಿಟ್ಟ ಪಿಚಕಾರಿಯೆಲ್ಲ ಮಷೀನಿನ ಹಿಂಭಾಗದಿಂದ ಬಿಸಿ ಗಾಳಿಯಾಗಿ ಹೊರಗೆ ಬಂತು. ಅಲ್ಲಿಯವರೆಗೆ ನಾತ ಒಂದು ಮೂಲೆಯಲ್ಲಿತ್ತು. ಈಗ ಅದು ಸೋಫಾ, ಕರ್ಟನ್, ಮಹಡಿಯ ಬೆಡ್‌ರೂಮುಗಳಿಗೆ ಸಮಾನವಾಗಿ ಹಂಚಿಕೆಯಾಯಿತು.

ಕಣ್ಣಿಗೆ ಕಂಡ ಕೊನೆಯ ಹುಳ ಪಟ್ಟದ ರಾಣಿಯ ಸೆರಗಿನಲ್ಲಿತ್ತು. ಕೊಳವೆಯನ್ನು ಹುಳಕ್ಕೆ ಮಾತ್ರ ಹಿಡಿದೆ. ಮಷೀನಿಗೆ ಅಷ್ಟು ವಿವೇಚನೆ ಎಲ್ಲಿಯದು? ಸೆರಗನ್ನೂ ನುಂಗಿತು. ರಾಣಿ ನೆಟ್ಟಗೆ ನನ್ನ ಕಡೆ ಬಂದಳು. ನಾನು ಅವಳ ಸೊಂಟ ಹಿಡಿದು ಹಿಂದಕ್ಕೆ ಎಳೆದೆ.

"ಪ್ಲಗ್ ಕೀಳು!" ಎಂದೆ.

ಓಡಿಬಂದ ಗಿರೀಶ ಪ್ಲಗ್ ಕಿತ್ತ. "ಮಂದಿ ಮನಿ ರಾಣಿನ ಹಿಂಗ ಎಳದಾಡಬಾರ್ದು" ಎಂದ.

ರಾಣಿಗೆ ಪೆಟ್ಟಾಗಿರಲಿಲ್ಲ. ಆದರೆ ಆಂಟಿಯ ತಾಯಿಯ ಧಾರೆ ಸೀರೆ ಈಗ ವ್ಯಾಕ್ಯೂಮಿನ ಹೊಟ್ಟೆಯೊಳಗಿನ ವಾಸನೆಯನ್ನು ಹೊತ್ತುಕೊಂಡಿತ್ತು. ಹಳೆಯ ರೇಷ್ಮೆಯನ್ನು ತೊಳೆಯುವಂತಿಲ್ಲ. ಊದುಬತ್ತಿ ಹಚ್ಚಿದೆವು. ಸಾಂಬ್ರಾಣಿ ಹಾಕಿದೆವು. ನಾತಕ್ಕೆ ಮಂಗಳಾರತಿ ಎತ್ತಿದಂತಾಯಿತು, ಅಷ್ಟೆ.

ಸಂಜೆ ಅತಿಥಿಗಳು ಬಂದರು. ಬಾಗಿಲು ದಾಟಿದ ಕೂಡಲೇ ಪ್ರತಿಯೊಬ್ಬರ ಮುಖವೂ ಅರೆಕ್ಷಣ ನಿಂತು, ಆಮೇಲೆ ನಗುತ್ತಿತ್ತು. ನಮ್ಮ ಜನ ತುಂಬ ಸಭ್ಯರು. ಎದುರು ಮನೆಯ ರೂಪಾ ಮಾತ್ರ ಕುಂಕುಮ ಇಟ್ಟುಕೊಳ್ಳುತ್ತಾ ಕೇಳಿದಳು: "ಏನೋ ಸ್ಮೆಲ್ ಬರ್ತಿದೆ ಅಲ್ವಾ? ಕೊತ್ತಂಬರಿ ಚಟ್ನಿ ಮಾಡಿದೀರಾ?"

"ಹೌದು" ಎಂದುಬಿಟ್ಟೆ.

"ಅಯ್ಯೋ, ನಂಗ್ ತುಂಬ ಇಷ್ಟ. ಉಸಲಿ ಜೊತೆ ಸ್ವಲ್ಪ ಹಾಕ್ಕೊಡಿ."

ಅಡುಗೆಮನೆಯಲ್ಲಿ ಗಿರೀಶ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಕೊತ್ತಂಬರಿ ತರಾಕ ಹೋಗ್ಲೋ, ಇದ್ದ ಹುಳಾನ ರುಬ್ಬತೀಯೋ?" ಕಾರಿನ ಕೀ ಅವನ ಕೈಗೆ ತುರುಕಿದೆ.

ಅವನು ಹೊರಡುವಾಗಲೇ ವಿಮಲಾ ಆಂಟಿ ಏರ್‌ಪೋರ್ಟಿನಿಂದ ಬಂದಿಳಿದರು. ಜೊತೆಗೆ ದೊಡ್ಡದೊಂದು ಸೂಟ್‌ಕೇಸ್. ಎತ್ತಲು ಹೋದರೆ ಹಗುರವಾಗಿತ್ತು. ಖಾಲಿ ಸೂಟ್‌ಕೇಸ್ ತಂದಿದ್ದರು. ಅದನ್ನು ಗೊಂಬೆಗಳಿಂದ ಆದಷ್ಟು ದೂರದ ಕೋಣೆಯಲ್ಲಿಟ್ಟೆ.

ಆಂಟಿ ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ಜೋಡಿಸಿರೋದು ಚೆನ್ನಾಗಿದೆ" ಎಂದರು. ನನ್ನ ಜೀವ ಅರ್ಧ ಬಂತು. ಅಷ್ಟರಲ್ಲಿ ರೂಪಾಳ ಮಗಳು ಶೆಟ್ಟಿಯ ಅಂಗಡಿ ತೋರಿಸಿ, "ಮಮ್ಮಿ, ಲುಕ್, ಇಟ್ಸ್ ವಾಕಿಂಗ್!" ಎಂದಳು. ವ್ಯಾಕ್ಯೂಮಿಗೆ ಸಿಗದ ಒಂದು ಹುಳ ಅಕ್ಕಿ ಮೂಟೆಯ ಹಿಂದಿನಿಂದ ಬಂದು, ಎಲ್ಲರ ಸಮ್ಮುಖದಲ್ಲಿ ಅಂಗಡಿಯನ್ನು ಪರಿಶೀಲಿಸುತ್ತಿತ್ತು.

ಆಂಟಿ ರಾಣಿಯನ್ನು ಎತ್ತಿ ಸೆರಗನ್ನು ಮೂಗಿನ ಹತ್ತಿರ ತಂದರು. ಹುಷಾರಾಗಿ ವಾಪಸ್ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಹೋದ ಮೇಲೆ ನಾನು ನಡೆದದ್ದನ್ನೆಲ್ಲ ಹೇಳಿದೆ. ವ್ಯಾಕ್ಯೂಮ್‌ನ ಭಾಗ ಬಂದಾಗ ಆಂಟಿ ಕಣ್ಣು ಮುಚ್ಚಿಕೊಂಡರು. "ನೀನು ಬೇಕು ಅಂತ ಮಾಡಿಲ್ಲಮ್ಮ" ಎಂದರು. ಆದರೆ ಹಬ್ಬ ಮುಗಿಯುವವರೆಗೂ ನಮ್ಮಲ್ಲೇ ಇದ್ದು, ಗೊಂಬೆಗಳನ್ನು ತಾವೇ ಇಳಿಸಿದರು. ರಾಜ ರಾಣಿ, ಶೆಟ್ಟಿ ದಂಪತಿ, ವನವಾಸಿಗಳು ಎಲ್ಲರೂ ಟವೆಲ್ ಸುತ್ತಿಕೊಂಡು ಸೂಟ್‌ಕೇಸ್ ಸೇರಿದರು. ನಾನು ಜಿಪ್ ಎಳೆಯಲು ಸಹಾಯ ಮಾಡಿದೆ. ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತೆ. ಅದನ್ನೂ ಯಾರಿಗೂ ಹೇಳಲಿಲ್ಲ.

ಆಂಟಿ ಮೆಲ್ಬರ್ನ್ ಸೇರಿದ ವಾರಾಂತ್ಯ ಅವರ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಸೂಟ್‌ಕೇಸ್ ತೆಗೆದಿದ್ದೇ ತಡ, ಸಂಧ್ಯಾ ಮೂಗು ಮುಚ್ಕೊಂಡ್ ಹೊರಗೋಡಿದ್ಳು. ರಾಣಿ ನೆರಿಗೆಯಿಂದ ನಿನ್ನ ಹುಳ ಬೇರೆ ಬಂತು ಕಣಮ್ಮ, ಅವಳ ಬಿಳೀ ಸೋಫಾ ಮೇಲೆ. ಅಳಿಯಂದ್ರು ಅದನ್ನ ಪೇಪರಲ್ಲಿ ಹೊಡೆದ್ರು."

"ಅಯ್ಯೋ, ಹೊಡೀಬಾರ್ದು ಆಂಟಿ."

"ಈಗ ಹೇಳು. ಸೋಫಾ ಗ್ಯಾರೇಜಲ್ಲಿದೆ, ಗೊಂಬೆಗಳೂ ಗ್ಯಾರೇಜಲ್ಲಿವೆ. ಒಂದೋ ಅವು ಈ ಮನೇಲಿರ್ಬೇಕು, ಇಲ್ಲ ನಾನಿರ್ಬೇಕು ಅಂತಿದಾಳೆ. ನಿಮ್ಮನೆ ಹೆಂಗೂ ನಾರ್ತಿದೆಯಲ್ಲ, ಅಲ್ಲೇ ಇರ್ಲಿ. ಬಂದ್ ತಗೊಂಡ್ ಹೋಗು."

ಮರುದಿನವೇ ಹೋಗಿ ತಂದೆ.

ಈಗ ಗೊಂಬೆಗಳು ನನ್ನವು. ಇವು ನಿಮಗೆ ಹೇಗೆ ಸಿಕ್ಕವು ಎಂದು ಯಾರಾದರೂ ಕೇಳಿದರೆ, "ಆಂಟಿಗೆ ನನ್ನ ಮೇಲೆ ನಂಬಿಕೆ" ಎನ್ನುತ್ತೇನೆ. ಗಿರೀಶ ಪಕ್ಕದಲ್ಲಿದ್ದರೆ ಎದ್ದು ಹೋಗಿ ಕಿಟಕಿ ತೆರೆಯುತ್ತಾನೆ.