ಮುಟ್ಟಬಾರದ ಫೋಟೋ

ನಮ್ಮ ಸೋದರಮಾವನ ಮನೆಯಲ್ಲಿ ದೇವರ ಜಗಲಿಯನ್ನು ಕೈ ತೊಳೆಯದೆ ಮುಟ್ಟಿದರೂ ನಡೆಯುತ್ತಿತ್ತು. ಫೋಟೋ ಮಾತ್ರ ಮುಟ್ಟುವಂತಿರಲಿಲ್ಲ! ಬೆಟಗೇರಿಯಲ್ಲಿ ಅವರದೊಂದು ಸ್ಟುಡಿಯೋ. ಗಿರಾಕಿ ತನ್ನದೇ ಚಿತ್ರದ ಮೇಲೆ ಬೆರಳಿಟ್ಟು "ಇಲ್ಲಿ ಮೂಗು ಸ್ವಲ್ಪ..." ಎಂದರೆ ಸಾಕು, ಮಾವ ಹೌಹಾರುತ್ತಿದ್ದರು. "ಬೆರಳಿನ ಎಣ್ಣಿ ಹತ್ತತೈತ್ರಿ! ಇವತ್ತು ಕಾಣೂದಿಲ್ಲ, ವರ್ಷ ಕಳದ ಮ್ಯಾಲ ಅಲ್ಲೇ ಕಲಿ ಏಳತೈತಿ!" ಗಿರಾಕಿಯ ಮೂಗು ಅಲ್ಲಿಯತನಕ ಇರುತ್ತದೋ ಇಲ್ಲವೋ, ಫೋಟೋದ ಮೂಗು ಇರಬೇಕು!

ಎಪ್ಪತ್ತರ ದಶಕದ ಕೊನೆಗೆ ನಾನು ಪಕ್ಕದ ಗದುಗಿನ ಕಾಲೇಜಿನಲ್ಲಿ ಓದುತ್ತ ಅವರ ಮನೆಯಲ್ಲೇ ಇದ್ದೆ. ಆಗಲೇ ಅವರಿಗೆ ದೊಡ್ಡ ಫೋಟೋಗಳ ಹುಚ್ಚು ಹತ್ತಿದ್ದು. ಕಾರಣ ನಮ್ಮ ಅತ್ತೆ. ಅವರ ಕಣ್ಣಿನ ನರ ಒಣಗುತ್ತಿದೆ, ಅದಕ್ಕೆ ಆಪರೇಷನ್ನೂ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅತ್ತೆಯ ತವರು ಶಿಗ್ಲಿ. ಅಲ್ಲಿ ಅವರ ಅವ್ವ ಮನೆಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತದ್ದನ್ನು ಮಾವ ಹಿಂದೊಮ್ಮೆ ತೆಗೆದಿದ್ದರು. ಅವ್ವ ತೀರಿಹೋದ ಮೇಲೆ ಉಳಿದದ್ದು ಅದೊಂದೇ ಚಿತ್ರ. ಅಂಗೈಯಗಲದ ಅದನ್ನು ಕಣ್ಣ ಹತ್ತಿರ ಹಿಡಿದು ಅತ್ತೆ, "ಎಲ್ಲಾ ಮಂಜು ಮಂಜು. ಇದರಾಗ ಕಂಬ ಯಾವುದ್ರಿ, ನಮ್ಮವ್ವ ಯಾವಾಕಿ?" ಎಂದರು. ಅವತ್ತೇ ಮಾವ ನಿಶ್ಚಯಿಸಿದರು: ಕಣ್ಣು ಪೂರಾ ಹೋಗುವುದರೊಳಗೆ ಆಕೆಗೆ ಕಾಣುವಷ್ಟು ದೊಡ್ಡ ಅವ್ವನನ್ನು ಮಾಡಿ ನಿಲ್ಲಿಸಬೇಕು!

ಹಿಗ್ಗಿಸಿದರಷ್ಟೇ ಆಯಿತೇ? ಹಲಗೆಗೆ ಅಂಟಿಸಬೇಕು, ಗುಳ್ಳೆ ಏಳಬಾರದು, ಹುಳ ಹತ್ತಬಾರದು. ಕೈ ಪಳಗಲೆಂದು ಮಾವ ಮೊದಲು ಸುತ್ತಲಿನ ಊರುಗಳ ಚಿತ್ರ ಅಂಟಿಸತೊಡಗಿದರು. ಅಂಟಿಗೆ ಬೆಟಗೇರಿಯ ನೇಕಾರರು ನೂಲಿಗೆ ಹಾಕುವಂಥ ಗಂಜಿ. ಅದನ್ನು ಕುದಿಸಿ, ಹುಳದ ಔಷಧ ಬೆರೆಸುವ ಮುಂಚೆ ಆರಲು ಇಡುತ್ತಿದ್ದರು. ಮುಂಡರಗಿಯ ಬೀಗರೊಬ್ಬರು ಸರಿಯಾಗಿ ಆ ಹೊತ್ತಿಗೇ ಬಂದು, ಮಜ್ಜಿಗೆ ಬೆರೆಸಿ ಒಂದು ಬಟ್ಟಲು ಕುಡಿದು, "ಗಂಜಿ ಮಸ್ತ್ ಐತ್ರಿ, ಉಪ್ಪು ತುಸು ಕಮ್ಮಿ" ಎಂದರು! ಮಾವನಿಗೆ ಬೀಗರ ಹೊಟ್ಟೆಯ ಚಿಂತೆಯಲ್ಲ, ಅಂಟು ಕಡಿಮೆ ಬೀಳುವ ಚಿಂತೆ.

ಅಂಟಿಸಿದ ಮೇಲೆ ಭಾರ ಹೇರಬೇಕಲ್ಲ? ಚಿತ್ರದ ಮೇಲೆ ಕಾಗದ, ಕಾಗದದ ಮೇಲೆ ಹಲಗೆ, ಹಲಗೆಯ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ನಾವು! "ಲೇ ತಮ್ಮಾ, ನೀ ಇವತ್ತ ಲಕ್ಷ್ಮೇಶ್ವರದ ಮ್ಯಾಲ ಮಲಗು. ನಾ ಶಿರಹಟ್ಟಿ ಮ್ಯಾಲ ಮಲಗತೀನಿ." ಮಧ್ಯಾಹ್ನದ ಬಿಸಿಲು ಬೆಳಕಿಂಡಿಯಿಂದ ಇಳಿದು ಗೋಡೆಯ ಮೇಲೆ ತೇಲುತ್ತಿತ್ತು. ಎಲ್ಲಿಂದಲೋ ಮಗ್ಗದ ಸದ್ದು. ಬೆನ್ನ ಕೆಳಗೆ ಇಡೀ ಊರು, ಅದರ ಗಿಡ, ದನ, ಕೆರೆ, ಕೊಡ ಹೊತ್ತ ಹೆಂಗಸರು ಎಲ್ಲ ನನ್ನ ಜೊತೆಗೇ ನಿದ್ದೆಹೋದಂತೆನಿಸಿ ನಾನೂ ಮೆಲ್ಲಗೆ ಕರಗಿಹೋಗುತ್ತಿದ್ದೆ. ಅಂಥ ಸುಖದ ನಿದ್ದೆ ನನಗೆ ಮತ್ತೆ ಬಂದಿಲ್ಲ. ಅಷ್ಟರಲ್ಲಿ ಪಕ್ಕದಿಂದ ದನಿ: "ಹೊರಳಾಡಬ್ಯಾಡಲೇ, ಕೆರಿ ನೀರು ಚೆಲ್ಲತೈತಿ!"

ಕಡೆಗೆ ಶಿಗ್ಲಿಯ ಅವ್ವ ಬಾಗಿಲಿನಷ್ಟು ದೊಡ್ಡ ಹಲಗೆ ಏರಿದರು. ಒಣಗಿದ ಮೇಲೆ ನೋಡಿದರೆ ಹಲಗೆ ಹಪ್ಪಳದಂತೆ ಸೊಟ್ಟ! ನಾನು ಹೇಳಿದಾಗ ಅತ್ತೆ, "ಹಂಗಾರ ನಮ್ಮವ್ವನ್ನ ಗಟ್ಟಿ ಹಿಡೀರಿ, ಕಟ್ಟಿ ಮ್ಯಾಲಿಂದ ಬಿದ್ದಾಳು" ಎಂದರು. ಮಾವ ಚಿತ್ರವನ್ನು ನೆನೆಸಿ ಬಿಡಿಸಿ ಮತ್ತೆ ಅಂಟಿಸಿದರು. ಈ ಸಲ ಹಲಗೆಯ ಬೆನ್ನಿಗೂ ಅಂಥದೇ ಕಾಗದ. "ಒಂದ ಕಡಿ ಜಗ್ಗಿದ್ರ ಬಾಗತೈತಿ. ಎರಡೂ ಕಡಿ ಜಗ್ಗಿದ್ರ ನೆಟ್ಟಗ ನಿಲ್ಲತೈತಿ."

"ಖರೆ. ನಮ್ಮ ಸಂಸಾರ ಹಂಗ ನಿಂತೈತಿ" ಎಂದರು ಅತ್ತೆ.

ಗದುಗಿನ ಶಾಲೆಯೊಂದರ ಹಾಲಿನಲ್ಲಿ ಈ ದೊಡ್ಡ ಚಿತ್ರಗಳ ಪ್ರದರ್ಶನ; ಅತ್ತೆಗೂ ಅವ್ವನನ್ನು ಅಲ್ಲೇ ಮೊದಲು ತೋರಿಸಬೇಕೆಂದು ಮಾವನ ಹಟ. ಗಾಜು ಯಾಕಿಲ್ಲ ಎಂದವರಿಗೆ ಮಾವ, "ಗಾಜು ಹಾಕಿದ್ರ ನಮ್ಮಾಕಿಗೆ ಹೊಳಪೊಂದ ಕಾಣತೈತ್ರಿ" ಎನ್ನುತ್ತಿದ್ದರು. ಗಾಜಿಲ್ಲದ ತಪ್ಪಿಗೆ ಇಡೀ ದಿನ ತಾವೇ ಕಾವಲು: "ದೂರ ನಿಂದರ್ರಿ! ಉಸಿರು ಆ ಕಡಿ ಬಿಡ್ರಿ!"

ಸಂಜೆ ಅತ್ತೆ ನನ್ನ ತೋಳು ಹಿಡಿದು ಬಂದರು. ದೂರದಿಂದ ನೋಡಿದರು. ಹತ್ತಿರ ಬಂದರು. ಇನ್ನೂ ಹತ್ತಿರ, ಮೂಗು ತಾಕುವಷ್ಟು. ಆಮೇಲೆ ಮೆಲ್ಲಗೆ, "ತಡಾ ಆತ್ರಿ. ಕಾಣವಲ್ದು" ಎಂದರು.

ಮಾವ ಅತ್ತೆಯ ಕೈ ಹಿಡಿದು, ಹಾಗೇ, ಒರೆಸದೆ, ಫೋಟೋದ ಮೇಲಿಟ್ಟರು. "ಇದು ಕಂಬ. ಇದು ಕಟ್ಟಿ. ಇದು ನಿಮ್ಮವ್ವನ ಕೈ ನೋಡು."

ಅತ್ತೆಯ ಬೆರಳು ಅಲ್ಲೇ ನಿಂತಿತು. "ಶೇಂಗಾ ಸುಲಿಯಾಕತ್ತಾಳ" ಎಂದರು.

ಆ ಫೋಟೋ ಈಗ ಮಾವನ ಪಡಸಾಲೆಯಲ್ಲಿದೆ. ನಾನು ಹತ್ತಿರ ಹೋದರೆ ಇವತ್ತಿಗೂ "ದೂರ ನಿಂದರಲೇ!" ಅತ್ತೆ ಮಾತ್ರ ದಿನಾ ಸಂಜೆ ಬಂದು ಅವ್ವನ ಕೈ ಸವರುತ್ತಾರೆ. ಮಾವ ಹೇಳಿದಂತೆಯೇ ಅಲ್ಲಿ ಕಲೆ ಎದ್ದು, ಆ ಕೈ ಅಳಿಸುತ್ತ ಬಂದಿದೆ. ಮಾವ ಪಕ್ಕದಲ್ಲೇ ಕುಳಿತು ನೋಡುತ್ತಾರೆ.